ಯಾವ ಹೂವು ಯಾರಿಗೆ? ಕೊಳ್ಳುವ ಮೊದಲು ಇಷ್ಟು ನೋಡಿ

ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಹೋಗಿ, ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಒಂದೊಂದು ಮೊಳ ಅಳೆಸಿಕೊಂಡು ಬರುವವರೇ ನಮ್ಮಲ್ಲಿ ಜಾಸ್ತಿ. ತಪ್ಪೇನಿಲ್ಲ. ಆದರೆ ಪ್ರತಿ ಹೂವಿಗೂ ಒಂದು ಹುಟ್ಟೂರಿದೆ, ಅದಕ್ಕೆ ಅಂಟಿಕೊಂಡ ಒಂದು ಅರ್ಥವಿದೆ. ಊರು ಬದಲಾದರೆ ಆ ಅರ್ಥವೂ ಬದಲಾಗುತ್ತದೆ. ಇದು ಗೊತ್ತಿದ್ದರೆ ಆರಿಸುವುದು ಸುಲಭ.

1. ಹೂವು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ತೀರ್ಮಾನಿಸಿ

ಮುಡಿಗಾ, ದೇವರಿಗಾ, ಬಾಗಿಲಿಗಾ, ಇಲ್ಲ ಯಾರದಾದರೂ ಕೈಗಾ? ಮುಡಿಗೆ ಅಂದರೆ ಮಲ್ಲಿಗೆ, ಬೇರೆ ಮಾತೇ ಇಲ್ಲ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಉಡುಪಿ ಕಡೆ ಶಂಕರಪುರದ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಲೆಕ್ಕ ಹಾಕಿ, ಒಂದು ಅಟ್ಟೆಗೆ 3,200 ಮೊಗ್ಗು! ಒಂದೊಂದನ್ನೂ ಯಾರೋ ಕೈಯಲ್ಲಿ ಬಿಡಿಸಿ, ಬಾಳೆ ನಾರಿನಲ್ಲಿ ಕಟ್ಟಿರುತ್ತಾರೆ. ದಯವಿಟ್ಟು ಅವರ ಹತ್ತಿರ ಚೌಕಾಸಿ ಮಾಡಬೇಡಿ.

ಕನಕಾಂಬರ ನಮ್ಮ ದಕ್ಷಿಣದ್ದೇ ಗಿಡ. ಅದಕ್ಕೆ ಪರಿಮಳ ಇಲ್ಲ, ಅದಕ್ಕೇ ಮಲ್ಲಿಗೆ ಜೊತೆ ಸೇರಿಸಿ ಕಟ್ಟುತ್ತಾರೆ. ಒಂದು ಬಣ್ಣ ಕೊಡುತ್ತದೆ, ಇನ್ನೊಂದು ಘಮ.

2. ದೇವರಿಗಾದರೆ ಮನೆಯ ಹಿರಿಯರನ್ನು ಕೇಳಿ

ಗಣಪತಿಗೆ ಕೆಂಪು ದಾಸವಾಳ, ಶಿವನಿಗೆ ತುಂಬೆ ಮತ್ತು ಎಕ್ಕ. ಇಷ್ಟು ಎಲ್ಲರಿಗೂ ಗೊತ್ತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಇಡಬಾರದು ಅನ್ನುತ್ತಾರೆ, ಆದರೆ ಪಾರಿಜಾತಕ್ಕೆ ಆ ಕಟ್ಟುಪಾಡಿಲ್ಲ. ರಾತ್ರಿ ಅರಳಿ ಬೆಳಗಿನ ಜಾವಕ್ಕೆ ತಾನಾಗಿ ಉದುರುವ ಹೂವದು, ನೆಲದಿಂದಲ್ಲದೆ ಇನ್ನೆಲ್ಲಿಂದ ಆರಿಸುವುದು? ಹಿಂದಿನ ರಾತ್ರಿಯೇ ಮರದ ಕೆಳಗೆ ಒಂದು ಬಿಳಿ ಪಂಚೆ ಹಾಸಿಡಿ. ಬೆಳಿಗ್ಗೆ ಎದ್ದು ನೋಡುವ ಆ ಕಿತ್ತಳೆ ತೊಟ್ಟಿನ ರಾಶಿಗಿಂತ ಚೆಂದದ್ದು ನಾನಂತೂ ಕಂಡಿಲ್ಲ.

3. ಬಾಗಿಲಿಗೆ, ಗಾಡಿಗೆ ಚೆಂಡುಹೂವು

ಆಯುಧಪೂಜೆ ಅಂದರೆ ಚೆಂಡುಹೂವು ಅಲ್ವಾ? ಬಸ್ಸಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಅದೇ ಹಾರ. ಇಷ್ಟು ನಮ್ಮದಾಗಿಬಿಟ್ಟಿರುವ ಈ ಹೂವು ಹುಟ್ಟಿದ್ದು ಮೆಕ್ಸಿಕೋ ಕಡೆ. ಯುರೋಪಿನವರು ಅಮೆರಿಕ ಖಂಡಕ್ಕೆ ದಾರಿ ಕಂಡುಕೊಂಡ ಮೇಲೆಯೇ ಇದು ಕಡಲು ದಾಟಿ ಇಲ್ಲಿಗೆ ಬಂದದ್ದು. ಅಲ್ಲಿಯ ಮೂಲ ಜನರ ನಹುವಾಟಲ್ ಭಾಷೆಯಲ್ಲಿ ಇದಕ್ಕೆ ಇಪ್ಪತ್ತು ಹೂವು ಅನ್ನುವ ಅರ್ಥದ ಹೆಸರಿದೆ. ಲೆಕ್ಕವಿಲ್ಲದಷ್ಟು ಎಸಳು ಅಂತ.

ಅಲ್ಲಿ ಈಗಲೂ ನವೆಂಬರ್ 1 ಮತ್ತು 2ರಂದು ತೀರಿಹೋದವರ ಹಬ್ಬ ಮಾಡುತ್ತಾರೆ. ಚೆಂಡುಹೂವಿನ ಎಸಳು ಉದುರಿಸಿ, ಬೀದಿಯಿಂದ ಮನೆಯೊಳಗೆ ಹಿರಿಯರಿಗೆ ಎಡೆ ಇಟ್ಟ ಜಾಗದವರೆಗೂ ದಾರಿ ಮಾಡುತ್ತಾರೆ. ಆ ಬಣ್ಣ, ಆ ಗಾಢ ವಾಸನೆ ಹಿಡಿದು ಹಿರಿಯರು ಮನೆಗೆ ಬರುತ್ತಾರೆ ಅನ್ನುವ ನಂಬಿಕೆ. ನಾವು ಬಾಗಿಲಿಗೆ ತೋರಣ ಕಟ್ಟಿ ಲಕ್ಷ್ಮಿಯನ್ನು ಕರೆಯುತ್ತೇವೆ, ಅವರು ಹೊಸ್ತಿಲಿಗೆ ಅದೇ ಹೂವು ಚೆಲ್ಲಿ ಅಜ್ಜ-ಅಜ್ಜಿಯರನ್ನು ಕರೆಯುತ್ತಾರೆ. ಇದನ್ನು ತಿಳಿದ ಮೇಲೆ ತೋರಣ ಕಟ್ಟುವಾಗೆಲ್ಲ ನನಗೆ ನಮ್ಮಜ್ಜಿಯ ನೆನಪಾಗುತ್ತದೆ.

ಮದುವೆ ಹಾರದ ಸುಗಂಧರಾಜವೂ ಮೆಕ್ಸಿಕೋದಿಂದಲೇ ಬಂದದ್ದು.

ಕೊಳ್ಳುವಾಗ ಚೆಂಡುಹೂವು ಒಣಗಿದೆಯಾ ನೋಡಿ. ಬಾಡಿದೆಯಾ ಅಂತಲ್ಲ, ನೀರಿಲ್ಲದೆ ಇದೆಯಾ ಅಂತ. ಒದ್ದೆ ಹೂವು ಒಳಗಿಂದ ಬೇಗ ಕೊಳೆಯುತ್ತದೆ.

4. ಕೈಗೆ ಕೊಡುವ ಹೂವಾದರೆ ಅವರ ಊರು ಯಾವುದು ಅಂತ ಯೋಚಿಸಿ

ವರಮಹಾಲಕ್ಷ್ಮಿ ಹಬ್ಬಕ್ಕೆ ನಾವು ಕಳಶಕ್ಕೆ ಏರಿಸುವ ಸೇವಂತಿಗೆ ಚೀನಾದ ಹೂವು. ಅಲ್ಲಿ ಅದು ದೀರ್ಘಾಯುಷ್ಯದ ಗುರುತು, ಒಂಬತ್ತನೇ ತಿಂಗಳ ಒಂಬತ್ತನೇ ದಿನದ ಹಬ್ಬಕ್ಕೆ ಸೇವಂತಿಗೆ ಹಾಕಿದ ಮದ್ಯ ಕುಡಿಯುವ ಹಳೆಯ ರೂಢಿಯಿದೆ. ಜಪಾನಿನ ಅರಸು ಮನೆತನದ ಮುದ್ರೆಯಲ್ಲಿ ಇರುವುದೂ 16 ಎಸಳಿನ ಸೇವಂತಿಗೆಯೇ. ಫ್ರಾನ್ಸಿನಲ್ಲಿ ಮಾತ್ರ ನವೆಂಬರ್ 1ಕ್ಕೆ ಸಮಾಧಿಗಳ ಮೇಲೆ ಸೇವಂತಿಗೆ ಕುಂಡಗಳನ್ನು ಇಡುತ್ತಾರೆ. ಮಗನೋ ಮಗಳೋ ಪ್ಯಾರಿಸ್‌ನಲ್ಲಿದ್ದು, ಅವರ ಗೆಳೆಯರ ಮನೆಗೆ ನಿಮ್ಮನ್ನು ಊಟಕ್ಕೆ ಕರೆದರೆ ಸೇವಂತಿಗೆ ಒಯ್ಯಬೇಡಿ. ರಷ್ಯಾದವರಿಗೆ ಕೊಡುವಾಗ ಹೂವನ್ನು ಎಣಿಸಿ: ಸಂತೋಷಕ್ಕೆ ಬೆಸ ಸಂಖ್ಯೆ, ಸಾವಿಗೆ ಸಮ ಸಂಖ್ಯೆ.

ಕೆಂಪು ಗುಲಾಬಿ ಪ್ರೀತಿಗೆ, ಅದು ಎಲ್ಲ ಕಡೆಯೂ ನಡೆಯುತ್ತದೆ. ಪ್ರಾಚೀನ ಗ್ರೀಕರಿಗೂ ಗುಲಾಬಿ ಪ್ರೇಮದೇವತೆ ಅಫ್ರೊಡೈಟಿಯ ಹೂವಾಗಿತ್ತು.

5. ತಂದ ಮೇಲೆ

ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ತನ್ನಿ, ಬಾಳೆ ಎಲೆಯಲ್ಲಿ ಸುತ್ತಿ ನೀರು ಚಿಮುಕಿಸಿಡಿ. ಸಂಜೆಗೆ ಅರಳುತ್ತದೆ. ಗುಲಾಬಿ ಕಾಂಡದ ತುದಿ ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ. ದಿನಾ ನೀರು ಬದಲಿಸಿ.

ತೋರಣದ ಚೆಂಡುಹೂವನ್ನು ಸುಮ್ನೆ ಕೆರೆಗೆ ಎಸೆಯಬೇಡಿ. ನೆರಳಲ್ಲಿ ಚೆನ್ನಾಗಿ ಒಣಗಲಿ. ಆಮೇಲೆ ತೊಟ್ಟು ಬಿಡಿಸಿದರೆ ಬಲಿತ ಹೂವಿನೊಳಗೆ ಕಡ್ಡಿಯಂಥ ಕಪ್ಪು ಬೀಜಗಳು ಕಾಣುತ್ತವೆ. ಒಂದು ಕುಂಡದಲ್ಲಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ, ನೀರು ಹಾಕಿ. ವಾರದೊಳಗೆ ಮೊಳಕೆ ಬರುತ್ತದೆ.