ಹೊಲ ಕೆಟ್ಟೈತಿ ಅಂದ್ರಷ್ಟೇ ಸಾಕಾಗಂಗಿಲ್ಲ, ದಾಖಲೆ ಹಿಂಗ ಇಡ್ರಿ

ಕೊಪ್ಪಳದ ಗಿಣಿಗೇರಾ ಕಡೆ ಹತ್ತಿ ಮೇಲೆ ಫ್ಯಾಕ್ಟರಿಯ ಕರಿ ಧೂಳು, ಸಂಡೂರು ಕಡೆ ಗಣಿಯ ಕೆಂಪು ಧೂಳು. ಅರ್ಜಿ ಕೊಡೋರು ಬಾಳ ಮಂದಿ, ಆದ್ರೆ "ನಮ್ಮ ಹೊಲ ಹಾಳಾಗೈತಿ" ಅಂತಷ್ಟೇ ಬರೆದ್ರೆ ಆ ಅರ್ಜಿ ಫೈಲಿನಾಗ ಕೂತು ಬಿಡ್ತೈತಿ.

ಮೊದ್ಲು ಒಂದು ರಿಜಿಸ್ಟರ್ ತಗೊಳ್ರಿ. ಒಂದೊಂದು ಸರ್ವೆ ನಂಬರಿಗೆ, ಹಿಸ್ಸಾ (ಆ ನಂಬರಿನ ಒಳಗಿನ ಪಾಲು) ಇದ್ರೆ ಹಿಸ್ಸಾಕ್ಕೂ, ಬ್ಯಾರೆ ಪುಟ. ಮಾಲಕರ ಹೆಸರಿನ ಮೇಲೆ ಬ್ಯಾಡ, ಹೊಲ ಮಾರಿದ್ರೆ ಹೆಸರು ಬದಲಾಗ್ತೈತಿ. ನಂಬರ್ ಗೊತ್ತಿಲ್ಲಂದ್ರೆ ಹೊಲದಾಗ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸೋ ಸರ್ಕಾರದ ದಿಶಾಂಕ್ ಆಪ್ ತೆಗೀರಿ, ಪಹಣಿ ಪ್ರತಿ ಅದೇ ಪುಟಕ್ಕ ಹಚ್ಚಿ ಇಡ್ರಿ. ಮುಂದೆ ಪೋಡಿ ಆದ್ರೆ, ಅಂದ್ರೆ ಹೊಲ ಅಳೆದು ಭಾಗ ಮಾಡಿ ಬ್ಯಾರೆ ನಂಬರ್ ಕೊಟ್ರೆ, ಹಳೇ ನಂಬರ್ ಹೊಡೆದು ಹಾಕಬ್ಯಾಡ್ರಿ, ಪಕ್ಕದಾಗ ಹೊಸದು ಬರೀರಿ.

ಬರೆಯೋದು ಕಣ್ಣಿಗೆ ಕಂಡದ್ದಷ್ಟೇ. ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ, ಯಾವ ಬೆಳೆ, ಎಲೆ ಮೇಲೆ ಏನು ಕೂತೈತಿ. "ಆ ಫ್ಯಾಕ್ಟರಿಯವ್ರೇ ಮಾಡ್ಯಾರ" ಅನ್ನೋ ಸಿಟ್ಟು ಬ್ಯಾರೆ ಹಾಳ್ಯಾಗ ಇರಲಿ.

ಎಡವೋದು ಮಣ್ಣು ಪರೀಕ್ಷೆಯಾಗ. ಮಣ್ಣು ಆರೋಗ್ಯ ಕಾರ್ಡ್ ಐತಲ್ಲ ಅಂತಾರ, ಅದರಾಗ 12 ಅಂಶ ಇರ್ತಾವ, ಸಾರಜನಕ, ರಂಜಕ, ಪೊಟ್ಯಾಷ್, ಸತು ಇಂಥವು, ಸೀಸ ಆರ್ಸೆನಿಕ್ ಕ್ರೋಮಿಯಂ ಅದರಾಗ ಇರಂಗಿಲ್ಲ, ಅದಕ್ಕ ಲ್ಯಾಬಿನಾಗ ಭಾರಲೋಹ ಟೆಸ್ಟ್ ಅಂತ ಬಾಯಿಬಿಟ್ಟು ಕೇಳ್ರಿ. ತುಕ್ಕು ಹಿಡಿದ ಸಲಿಕೆ ಬ್ಯಾಡ. ಧೂಳಿನ ಲೆಕ್ಕಕ್ಕ ಮೇಲಿನ ಮಣ್ಣು ಬ್ಯಾರೆ, ಕೆಳಗಿಂದು ಬ್ಯಾರೆ ಚೀಲದಾಗ, ಚೀಲದ ಮೇಲೆ ಸರ್ವೆ ನಂಬರ್, ಆಳ, ತಾರೀಖು. ಫ್ಯಾಕ್ಟರಿಗೆ ಗಾಳಿ ಬರೋ ದಿಕ್ಕಿನ, ಧೂಳು ಬೀಳದ ಒಂದು ಹೊಲದ ಮಣ್ಣೂ ಹೋಲಿಕೆಗೆ ಬೇಕೇ ಬೇಕು. ಯಾಕಂದ್ರ ರಾಯಚೂರಿನ ಹಟ್ಟಿ ಕಡೆ ಚಿನ್ನದ ಅದಿರಿನ ಜೊತೆ ಕಲ್ಲಿನಾಗೇ ಆರ್ಸೆನಿಕ್ ಐತಿ. ಹೋಲಿಕೆ ಇಲ್ದೆ ಹೋದ್ರೆ "ಅದು ನೆಲದ್ದೇ" ಅಂದು ಕೈ ತೊಳ್ಕೋತಾರ.

ಬೋರ್ ನೀರಾದ್ರೆ ಸ್ವಲ್ಪ ಹೊತ್ತು ಮೋಟರ್ ಓಡಿಸಿ ಆಮೇಲೆ ಹಿಡೀರಿ. ಕುಡಿಯೋ ನೀರಿಗೆ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ರಿಪೋರ್ಟಿನಾಗ ಆ ಸಾಲು ಮೊದ್ಲು ನೋಡ್ರಿ.

2025ರ ಜುಲೈನಾಗ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದೈತಿ, ಅನುಮಾನ ಇರೋ ಜಾಗಗಳ ಪಟ್ಟಿಯನ್ನ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಗಣಿಗಾರಿಕೆಯಿಂದ ಕೆಟ್ಟ ಜಾಗ ಇದರಾಗ ಬರಂಗಿಲ್ಲ, ಸಂಡೂರಿನವ್ರಿಗೆ ದಾರಿ ಬ್ಯಾರೆ. ಉಳಿದೋರು ರಿಜಿಸ್ಟರಿನ ಝೆರಾಕ್ಸ್ ಹಚ್ಚಿ ಡಿಸಿ ಆಫೀಸಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡ್ರಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರ್ರಿ. ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬ್ಯಾಡ್ರಿ.