ಒಂದು ಕಡೆ ಜಾವಾ, ಇನ್ನೊಂದು ಕಡೆ ಡಾಟ್‌ನೆಟ್: ಸೋಪ್ ಸರ್ವಿಸ್‌ನ ಭದ್ರತೆ ಹೊಂದಿಸುವುದು ಹೇಗೆ

ನಿಮ್ಮ ಸೋಪ್ ಸರ್ವಿಸ್ (ಬೇರೆ ಸಿಸ್ಟಂಗಳು ಎಕ್ಸ್‌ಎಂಎಲ್ ಮೆಸೇಜ್ ಕಳಿಸಿ ಕರೆಯುವ ಸೇವೆ) ಜಾವಾದಲ್ಲಿದೆ. ಅಪಾಚೆ ಸಿಎಕ್ಸ್‌ಎಫ್ ಎಂಬ ಫ್ರೇಮ್‌ವರ್ಕ್ ಮೇಲೆ ಓಡುತ್ತದೆ, ಭದ್ರತೆ ನೋಡಿಕೊಳ್ಳಲು ಅದರೊಳಗೆ ಡಬ್ಲ್ಯೂಎಸ್‌ಎಸ್4ಜೆ ಎಂಬ ಲೈಬ್ರರಿ ಇದೆ. ಅದನ್ನು ಕರೆಯುವವರದ್ದು ಡಾಟ್‌ನೆಟ್, ಅದರಲ್ಲಿ ಇಂಥ ಕಾಲ್‌ಗಳನ್ನು ನೋಡಿಕೊಳ್ಳುವ ಡಬ್ಲ್ಯೂಸಿಎಫ್. ಮೀಟಿಂಗ್‌ನಲ್ಲಿ ಎರಡೂ ಕಡೆಯವರು ‘ನಮ್ಮದು ಡಬ್ಲ್ಯೂಎಸ್-ಸೆಕ್ಯುರಿಟಿ ಸಪೋರ್ಟ್ ಮಾಡುತ್ತದೆ’ ಎಂದು ಹೇಳಿ ಎದ್ದು ಹೋಗುತ್ತೀರಿ. ಮರುದಿನ ಮೊದಲ ಕಾಲ್ ಬರುತ್ತದೆ, ಅಲ್ಲೇ ಬಿದ್ದುಹೋಗುತ್ತದೆ. ಆಮೇಲೆ ಎರಡು ವಾರ ಮೇಲ್‌ಗಳು ಅತ್ತಿಂದಿತ್ತ ಓಡಾಡುತ್ತವೆ. ಈ ಎರಡು ವಾರ ಉಳಿಸಬಹುದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಬ್ಲ್ಯೂಎಸ್-ಸೆಕ್ಯುರಿಟಿ ಅಂದರೆ ಸೋಪ್ ಮೆಸೇಜ್ ಒಳಗೇ ಪಾಸ್‌ವರ್ಡ್, ಸಹಿ, ಎನ್‌ಕ್ರಿಪ್ಶನ್ ಹೇಗೆ ಇಡಬೇಕು ಎಂದು ಹೇಳುವ ಸ್ಟ್ಯಾಂಡರ್ಡ್. ಇಬ್ಬರೂ ಹೇಳಿದ್ದು ನಿಜವೇ. ತೊಂದರೆ ಇರುವುದು ಸ್ಟ್ಯಾಂಡರ್ಡ್‌ನಲ್ಲಿ ಬಿಟ್ಟಿರುವ ಆಯ್ಕೆಗಳಲ್ಲಿ. ಓಯಾಸಿಸ್ ಸಂಸ್ಥೆ ಡಬ್ಲ್ಯೂಎಸ್-ಸೆಕ್ಯುರಿಟಿ 1.0 ತಂದದ್ದು 2004ರಲ್ಲಿ, 1.1 ಬಂದದ್ದು 2006ರಲ್ಲಿ. ಪಾಸ್‌ವರ್ಡ್ ಕಳಿಸಲು ಎರಡು ದಾರಿ, ಸರ್ಟಿಫಿಕೇಟ್ ಯಾವುದು ಎಂದು ಹೇಳಲು ನಾಲ್ಕೈದು ದಾರಿ, ಅಲ್ಗಾರಿದಂಗಳಂತೂ ಒಂದು ರಾಶಿ. ನೀವು ಒಂದು ಆರಿಸಿಕೊಂಡಿರುತ್ತೀರಿ, ಅವರು ಇನ್ನೊಂದು. ಎರಡೂ ನಿಯಮದ ಪ್ರಕಾರ ಸರಿ, ಆದರೆ ಒಂದಕ್ಕೊಂದು ಕೂಡುವುದಿಲ್ಲ. ಈ ಆಯ್ಕೆಗಳನ್ನು ಕಮ್ಮಿ ಮಾಡಲೆಂದೇ ಡಬ್ಲ್ಯೂಎಸ್-ಐ ಎಂಬ ಒಕ್ಕೂಟ ಬೇಸಿಕ್ ಸೆಕ್ಯುರಿಟಿ ಪ್ರೊಫೈಲ್ ಬರೆಯಿತು. ಅದು ಸಹಾಯ ಮಾಡುತ್ತದೆ, ಆದರೆ ನೀವು ಕೂತು ಮಾತಾಡಿಕೊಳ್ಳುವ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಆದ್ದರಿಂದ ಕಾನ್ಫಿಗರೇಶನ್ ಫೈಲ್ ಮುಟ್ಟುವ ಮೊದಲು ಆ ಕಡೆಯವರಿಂದ ಒಂದು ವಸ್ತು ಕೇಳಿ ತರಿಸಿಕೊಳ್ಳಿ: ಅವರ ಸಿಸ್ಟಂನಲ್ಲಿ ಸರಿಯಾಗಿ ಕೆಲಸ ಮಾಡಿದ ಒಂದು ರಿಕ್ವೆಸ್ಟ್ ಮತ್ತು ಅದರ ರೆಸ್ಪಾನ್ಸ್, ವೈರ್ ಮೇಲೆ ಹೇಗೆ ಹೋಯಿತೋ ಹಾಗೇ, ಒಂದು ಬೈಟ್ ಕೂಡ ಬದಲಾಗದಂತೆ ಫೈಲ್ ಆಗಿ ಉಳಿಸಿದ್ದು. ವರ್ಡ್ ಡಾಕ್ಯುಮೆಂಟ್‌ನಲ್ಲಿ ಅಂಟಿಸಿ ಕಳಿಸಿದರೆ ಬೇಡ ಅನ್ನಿ. ಸ್ಕ್ರೀನ್‌ಶಾಟ್ ಆದರೂ ಬೇಡ. ಎಕ್ಸ್‌ಎಂಎಲ್ ಫೈಲನ್ನು ಜಿಪ್ ಮಾಡಿಯೇ ಕಳಿಸಲಿ. ಜೊತೆಗೆ ಅವರ ಸಾರ್ವಜನಿಕ ಸರ್ಟಿಫಿಕೇಟ್ ಇರಲಿ. ನೂರು ಪುಟದ ಇಂಟಿಗ್ರೇಶನ್ ಡಾಕ್ಯುಮೆಂಟ್‌ಗಿಂತ ಆ ಒಂದು ಫೈಲ್ ಜಾಸ್ತಿ ಹೇಳುತ್ತದೆ.

ಆಮೇಲೆ ಕೇಳಬೇಕಾದ ಪ್ರಶ್ನೆ, ನಿಜವಾಗಿ ಎಷ್ಟು ಭದ್ರತೆ ಬೇಕು ಅನ್ನುವುದು. ಇಬ್ಬರ ನಡುವೆ ಬೇರೆ ಯಾರೂ ಮೆಸೇಜ್ ಬಿಚ್ಚುವುದಿಲ್ಲ ಎಂದಾದರೆ ಎಚ್‌ಟಿಟಿಪಿಎಸ್ ಹಾಕಿ, ಅದರೊಳಗೆ ಯೂಸರ್‌ನೇಮ್ ಟೋಕನ್ (ಮೆಸೇಜ್‌ನಲ್ಲಿ ಹೆಸರು, ಪಾಸ್‌ವರ್ಡ್ ಇರುವ ಭಾಗ) ಕಳಿಸಿ, ಸಾಕು. ಮಧ್ಯೆ ಗೇಟ್‌ವೇ ಅಥವಾ ಕ್ಯೂ ಇದ್ದು ಅದನ್ನು ದಾಟಿಯೂ ಭದ್ರತೆ ಉಳಿಯಬೇಕು, ಇಲ್ಲವೇ ‘ಈ ಆರ್ಡರ್ ನೀವೇ ಕಳಿಸಿದ್ದು’ ಎಂದು ನಾಳೆ ತೋರಿಸಬೇಕು ಅಂದಾಗ ಮಾತ್ರ ಮೆಸೇಜ್‌ಗೇ ಸಹಿ ಹಾಕಿ. ಬೇಕಿಲ್ಲದ ಕಡೆ ಸಹಿ, ಎನ್‌ಕ್ರಿಪ್ಶನ್ ಎರಡನ್ನೂ ಹಾಕಿ ತಿಂಗಳುಗಟ್ಟಲೆ ಒದ್ದಾಡಿದ ತಂಡಗಳನ್ನು ನೋಡಿದ್ದೇನೆ. ಇನ್ನೊಂದು ವಿಷಯ: ಆ ಕಡೆಯವರು ಹೊಸ ಡಾಟ್‌ನೆಟ್ ಕೋರ್‌ನಲ್ಲಿದ್ದರೆ ಅಲ್ಲಿನ ಡಬ್ಲ್ಯೂಸಿಎಫ್ ಕ್ಲೈಂಟ್‌ಗೆ ಪೂರ್ತಿ ಮೆಸೇಜ್ ಮಟ್ಟದ ಭದ್ರತೆ ಬರುವುದಿಲ್ಲ. ಎಚ್‌ಟಿಟಿಪಿಎಸ್ ಜೊತೆ ಯೂಸರ್‌ನೇಮ್ ಟೋಕನ್ ಬರುತ್ತದೆ. ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಒಂದೊಂದೇ ಮೆಟ್ಟಿಲು

ಭದ್ರತೆ ಇಲ್ಲದೆ ಬರೀ ಕಾಲ್ ಮೊದಲು ಓಡಲಿ. ಇದೇ ಬಿದ್ದರೆ ಸಾಮಾನ್ಯವಾಗಿ ಸೋಪ್ ಆವೃತ್ತಿ ಬೇರೆ ಇರುತ್ತದೆ. ಡಬ್ಲ್ಯೂಸಿಎಫ್‌ನಲ್ಲಿ ಹೇಗೆ ಮಾತಾಡಬೇಕು ಎಂದು ಹೇಳುವ ಸೆಟ್ಟಿಂಗ್‌ಗೆ ಬೈಂಡಿಂಗ್ ಎನ್ನುತ್ತಾರೆ. ಅದರ ಬೇಸಿಕ್‌ಎಚ್‌ಟಿಟಿಪಿಬೈಂಡಿಂಗ್ ಸೋಪ್ 1.1 ಮಾತಾಡುತ್ತದೆ, ಡಬ್ಲ್ಯೂಎಸ್‌ಎಚ್‌ಟಿಟಿಪಿಬೈಂಡಿಂಗ್ 1.2. ಇವೆರಡರ ಕಂಟೆಂಟ್ ಟೈಪ್ ಬೇರೆ, ಹೊಂದದಿದ್ದರೆ 415 ಎಂಬ ಉತ್ತರ ಬರುತ್ತದೆ. ಅದು ಸರಿಹೋದ ಮೇಲೆ ಎಚ್‌ಟಿಟಿಪಿಎಸ್. ಆಮೇಲೆ ಟೈಮ್‌ಸ್ಟ್ಯಾಂಪ್, ಅಂದರೆ ಮೆಸೇಜ್ ಯಾವಾಗ ತಯಾರಾಯಿತು, ಯಾವಾಗ ಅವಧಿ ಮುಗಿಯುತ್ತದೆ ಎಂಬ ಗುರುತು. ಆಮೇಲೆ ಯೂಸರ್‌ನೇಮ್ ಟೋಕನ್. ಆಮೇಲೆ ಸಹಿ. ಕೊನೆಗೆ ಬೇಕಿದ್ದರೆ ಎನ್‌ಕ್ರಿಪ್ಶನ್. ಪ್ರತಿ ಮೆಟ್ಟಿಲಲ್ಲೂ ಓಡಿದ ಮೆಸೇಜನ್ನು ಉಳಿಸಿಕೊಂಡು ಮುಂದಕ್ಕೆ ಹೋಗಿ. ಎಲ್ಲ ಒಟ್ಟಿಗೆ ಆನ್ ಮಾಡಿದರೆ ಯಾವುದು ಮುರಿಯಿತು ಎಂದು ಗೊತ್ತಾಗುವ ದಾರಿಯೇ ಇರುವುದಿಲ್ಲ. ಯಾಕೆಂದರೆ ಇಲ್ಲಿನ ಎರರ್‌ಗಳು ಬೇಕೆಂದೇ ಬಾಯಿ ಬಿಡುವುದಿಲ್ಲ. ದಾಳಿ ಮಾಡುವವರಿಗೆ ಸುಳಿವು ಸಿಗಬಾರದು ಎಂದು ಡಬ್ಲ್ಯೂಸಿಎಫ್ ಕೂಡ, ಡಬ್ಲ್ಯೂಎಸ್‌ಎಸ್4ಜೆ ಕೂಡ ‘ಭದ್ರತೆ ಪರಿಶೀಲಿಸುವಾಗ ದೋಷ’ ಎಂಬಂಥ ಒಂದೇ ಸಾಲು ಕಳಿಸಿ ಸುಮ್ಮನಾಗುತ್ತವೆ. ಅಸಲಿ ಕಾರಣ ಇರುವುದು ತಿರಸ್ಕರಿಸಿದವರ ಸರ್ವರ್ ಲಾಗ್‌ನಲ್ಲಿ. ಅಲ್ಲಿಂದ ಲಾಗ್ ತೆಗೆದು ಕೊಡುವ ಒಬ್ಬರ ಫೋನ್ ನಂಬರ್ ನಿಮ್ಮ ಹತ್ತಿರ ಇರಲೇಬೇಕು.

ಗಡಿಯಾರ

ನಮ್ಮ ದೇಶದಲ್ಲಿ ಕೆಲಸ ಮಾಡುವವರು ಇದನ್ನು ಗಮನವಿಟ್ಟು ಓದಿ. ಒಮ್ಮೆ ನಮಗೆ ಒಂದು ಸಂಸ್ಥೆಯ ಕಾಲ್‌ಗಳು ಬರುತ್ತಿದ್ದವು. ಟೆಸ್ಟ್‌ನಲ್ಲಿ ಎಲ್ಲವೂ ಚೆನ್ನಾಗಿತ್ತು. ಪ್ರೊಡಕ್ಷನ್‌ಗೆ ಹಾಕಿದ ದಿನ ಒಂದೂ ಒಳಗೆ ಬರಲಿಲ್ಲ. ಮೂರು ದಿನ ಸರ್ಟಿಫಿಕೇಟ್, ಪಾಸ್‌ವರ್ಡ್, ಫೈರ್‌ವಾಲ್ ಎಲ್ಲ ತಡಕಾಡಿದೆವು. ಕೊನೆಗೆ ಮೆಸೇಜನ್ನೇ ಬಿಚ್ಚಿ ನೋಡಿದಾಗ ಟೈಮ್‌ಸ್ಟ್ಯಾಂಪ್‌ನಲ್ಲಿ 15:40 ಎಂದಿತ್ತು, ಕೊನೆಗೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಎಂದು ಹೇಳುವ ಜೆಡ್ ಅಕ್ಷರವೂ ಇತ್ತು. ಆ ಹೊತ್ತಿಗೆ ಯುಟಿಸಿಯಲ್ಲಿ ಗಂಟೆ 10:10. ಐದೂವರೆ ಗಂಟೆ ವ್ಯತ್ಯಾಸ! ಅವರ ಕೋಡ್ ಸ್ಥಳೀಯ ಸಮಯ ತೆಗೆದುಕೊಂಡು ಸುಮ್ನೆ ಜೆಡ್ ಅಂಟಿಸುತ್ತಿತ್ತು. ಟೆಸ್ಟ್ ಮಷಿನ್ ಕ್ಲೌಡ್‌ನಲ್ಲಿತ್ತು, ಅದರ ಗಡಿಯಾರವೇ ಯುಟಿಸಿ, ಹಾಗಾಗಿ ತಪ್ಪು ಕಾಣಲಿಲ್ಲ. ಪ್ರೊಡಕ್ಷನ್ ಮಷಿನ್ ಅವರ ಆಫೀಸಿನಲ್ಲಿತ್ತು. ನಮ್ಮ ಸರ್ವರ್ ಪ್ರಕಾರ ಪ್ರತಿ ಮೆಸೇಜೂ ಭವಿಷ್ಯದಿಂದ ಬರುತ್ತಿತ್ತು.

ಡಬ್ಲ್ಯೂಸಿಎಫ್ ಐದು ನಿಮಿಷದವರೆಗಿನ ಹೆಚ್ಚುಕಮ್ಮಿಯನ್ನು ಒಪ್ಪಿಕೊಳ್ಳುತ್ತದೆ. ಡಬ್ಲ್ಯೂಎಸ್‌ಎಸ್4ಜೆಯಲ್ಲಿ ಮೆಸೇಜ್‌ನ ಆಯಸ್ಸು 300 ಸೆಕೆಂಡ್, ಮುಂದಿನ ಸಮಯ ಇದ್ದರೆ 60 ಸೆಕೆಂಡ್ ಮಾತ್ರ ಸಹಿಸುತ್ತದೆ. ಅಂದರೆ ಕ್ಲೈಂಟ್‌ನ ಗಡಿಯಾರ ಎರಡು ನಿಮಿಷ ಮುಂದಿದ್ದರೂ ಜಾವಾ ಕಡೆ ಬೀಳುತ್ತದೆ, ಡಾಟ್‌ನೆಟ್ ಕಡೆ ಬೀಳುವುದಿಲ್ಲ. ಎರಡೂ ಕಡೆ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಓಡುತ್ತಿದೆಯೇ ನೋಡಿ. ಅದು ಬಿಟ್ಟು ಆಯಸ್ಸನ್ನು ಒಂದು ದಿನಕ್ಕೆ ಏರಿಸಿ ಕೂರಬೇಡಿ. ಹಳೆಯ ಮೆಸೇಜನ್ನು ಕದ್ದು ಮತ್ತೆ ಕಳಿಸುವವರಿಗೆ ಬಾಗಿಲು ತೆಗೆದಿಟ್ಟಂತೆ ಆಗುತ್ತದೆ.

ಪಾಸ್‌ವರ್ಡ್

ಇಲ್ಲಿ ಎರಡು ಬಗೆ: ಪಾಸ್‌ವರ್ಡ್‌ಟೆಕ್ಸ್ಟ್ ಮತ್ತು ಪಾಸ್‌ವರ್ಡ್‌ಡೈಜೆಸ್ಟ್. ಡೈಜೆಸ್ಟ್ ಅಂದರೆ ನಾನ್ಸ್ (ಪ್ರತಿ ಮೆಸೇಜ್‌ಗೂ ಹೊಸದಾಗಿ ಹುಟ್ಟಿಸುವ ಒಂದು ಮೌಲ್ಯ), ಸಮಯ, ಪಾಸ್‌ವರ್ಡ್ ಮೂರನ್ನೂ ಅದೇ ಕ್ರಮದಲ್ಲಿ ಜೋಡಿಸಿ, ಶಾ-1 (ಬೈಟ್‌ಗಳಿಂದ ಒಂದು ಚಿಕ್ಕ ಗುರುತು ತೆಗೆಯುವ ಲೆಕ್ಕ) ಹಾಕಿ, ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಮಾಡುವುದು. ಕೈಯಾರೆ ಬರೆಯುವವರು ನಾನ್ಸ್‌ನ ಬೇಸ್64 ರೂಪವನ್ನೇ ಜೋಡಿಸಿಬಿಡುತ್ತಾರೆ. ಅದು ತಪ್ಪು, ಮೊದಲು ಬಿಚ್ಚಿ ಬೈಟ್‌ಗಳನ್ನು ಜೋಡಿಸಬೇಕು. ಆದರೆ ನನ್ನ ಸಲಹೆ, ಡೈಜೆಸ್ಟ್ ಸಹವಾಸವೇ ಬೇಡ. ಡಬ್ಲ್ಯೂಸಿಎಫ್‌ನಲ್ಲಿ ಅದು ಸಿದ್ಧವಾಗಿ ಬರುವುದಿಲ್ಲ, ಮೇಲಾಗಿ ಅದನ್ನು ಪರೀಕ್ಷಿಸಲು ಸರ್ವರ್ ನಿಮ್ಮ ಅಸಲಿ ಪಾಸ್‌ವರ್ಡನ್ನೇ ಇಟ್ಟುಕೊಂಡಿರಬೇಕಾಗುತ್ತದೆ. ಎಚ್‌ಟಿಟಿಪಿಎಸ್ ಒಳಗೆ ಟೆಕ್ಸ್ಟ್ ಕಳಿಸುವುದೇ ಮೇಲು. ಟೆಕ್ಸ್ಟ್ ಕಳಿಸುವಾಗಲೂ ಪಾಸ್‌ವರ್ಡ್ ಎಲಿಮೆಂಟ್‌ಗೆ ಟೈಪ್ ಆಟ್ರಿಬ್ಯೂಟ್ ಇರಲಿ. ಅದಿಲ್ಲದಿದ್ದರೆ ಬೇಸಿಕ್ ಸೆಕ್ಯುರಿಟಿ ಪ್ರೊಫೈಲ್‌ನ ನಿಯಮ ಮುರಿದಂತೆ, ಡಬ್ಲ್ಯೂಎಸ್‌ಎಸ್4ಜೆ ವಾಪಸ್ ಕಳಿಸುತ್ತದೆ.

ಸಹಿ

ಜಾಸ್ತಿ ಸಮಯ ತಿನ್ನುವುದು ಇದೇ. ಸಹಿ ಬೀಳುವುದು ಬೈಟ್‌ಗಳ ಮೇಲೆ. ಎಕ್ಸ್‌ಎಂಎಲ್‌ನಲ್ಲಿ ಒಂದೇ ಅರ್ಥವನ್ನು ಹತ್ತು ರೀತಿ ಬರೆಯಬಹುದಾದ್ದರಿಂದ ಮೊದಲು ಅದನ್ನು ಒಂದು ಕಟ್ಟುನಿಟ್ಟಿನ ರೂಪಕ್ಕೆ ತರುತ್ತಾರೆ, ಅದಕ್ಕೆ ಕೆನಾನಿಕಲೈಸೇಶನ್ ಎನ್ನುತ್ತಾರೆ. ಎರಡೂ ಕಡೆ ಎಕ್ಸ್‌ಕ್ಲೂಸಿವ್ ಎಂಬ ಬಗೆಯನ್ನೇ ಇಟ್ಟುಕೊಳ್ಳಿ. ಆದರೆ ಅದು ಟ್ಯಾಗ್‌ಗಳ ನಡುವಿನ ಖಾಲಿ ಜಾಗವನ್ನು ತೆಗೆಯುವುದಿಲ್ಲ. ಸಹಿ ಆದ ಮೇಲೆ ಯಾವುದೋ ಗೇಟ್‌ವೇ ಓದಲು ಚೆಂದ ಇರಲಿ ಎಂದು ಸಾಲು ಮುರಿದು ಜೋಡಿಸಿದರೆ ಸಹಿ ಹಾಳು.

ಕನ್ನಡ ಡೇಟಾ ಕಳಿಸುವವರಿಗೆ ಇನ್ನೂ ಒಂದು ಗುಂಡಿ ಇದೆ. ಕೊಟ್ರೇಶ ಎಂಬ ಹೆಸರು ತೆಗೆದುಕೊಳ್ಳಿ. ಮೊದಲ ಅಕ್ಷರ ‘ಕೊ’. ಇದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು: ಕ ಜೊತೆಗೆ ಒಂದೇ ಒ-ಸ್ವರಚಿಹ್ನೆ, ಇಲ್ಲವೇ ಕ ಜೊತೆಗೆ ಎತ್ವ, ಅದರ ಜೊತೆಗೆ ಊ-ಸ್ವರಚಿಹ್ನೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯುಟಿಎಫ್-8ರಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9 ಬೈಟ್. ಕೆನಾನಿಕಲೈಸೇಶನ್ ಇವನ್ನು ಒಂದು ಮಾಡುವುದಿಲ್ಲ. ಮಧ್ಯದ ಯಾವುದೋ ಸಾಫ್ಟ್‌ವೇರ್ ಒಳ್ಳೆಯ ಉದ್ದೇಶದಿಂದಲೇ ಪಠ್ಯವನ್ನು ನಾರ್ಮಲೈಸ್ ಮಾಡಿದರೆ (ಒಂದೇ ರೂಪಕ್ಕೆ ತಂದರೆ) 9 ಹೋಗಿ 6 ಆಗುತ್ತದೆ, ಡೈಜೆಸ್ಟ್ (ಇಲ್ಲಿ, ಸಹಿಯೊಳಗೆ ಇಡುವ ವಿಷಯದ ಗುರುತು) ಕೂಡುವುದಿಲ್ಲ. ಇಂಗ್ಲಿಷ್ ಹೆಸರಿನ ರೆಕಾರ್ಡ್‌ಗಳೆಲ್ಲ ಪಾಸ್, ಕನ್ನಡ ಹೆಸರಿನವು ಕೆಲವು ಮಾತ್ರ ಫೇಲ್ ಎಂದಾದರೆ ಮೊದಲು ಇಲ್ಲೇ ನೋಡಿ. ನಾರ್ಮಲೈಸ್ ಮಾಡುವುದಿದ್ದರೆ ಸಹಿ ಹಾಕುವ ಮೊದಲು ಮಾಡಿ, ಆಮೇಲೆ ಯಾರೂ ಮುಟ್ಟಬಾರದು. ನಮ್ಮ ಜನರ ಹೆಸರು ಕನ್ನಡದಲ್ಲಿದೆ ಅನ್ನುವ ಕಾರಣಕ್ಕೆ ಅವರ ಅರ್ಜಿ ವಾಪಸ್ ಹೋಗಬಾರದು ಅಲ್ವಾ, ಹಾಗಾಗಿ ಟೆಸ್ಟ್ ಡೇಟಾದಲ್ಲಿ ಕೊ, ಕೋ, ಕೀ, ಕೇ, ಕೈ ಎಲ್ಲ ಇರುವ ಹೆಸರುಗಳನ್ನು ಸೇರಿಸಿ. ಈ ಐದೂ ಒಡೆಯಬಲ್ಲ ಅಕ್ಷರಗಳೇ.

ಸಹಿಯ ಪರಿಶೀಲನೆ ಫೇಲ್ ಆದಾಗ ಲಾಗ್‌ನಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿ. ಡೈಜೆಸ್ಟ್ ಹೊಂದಲಿಲ್ಲ ಎಂದರೆ ಒಳಗಿನ ವಿಷಯ ಎಲ್ಲೋ ಬದಲಾಗಿದೆ, ಸರ್ಟಿಫಿಕೇಟ್ ಹಿಂದೆ ಬೀಳಬೇಡಿ. ಡೈಜೆಸ್ಟ್‌ಗಳೆಲ್ಲ ಸರಿ, ಆದರೆ ಸಹಿಯ ಮೌಲ್ಯ ತಪ್ಪು ಎಂದರೆ ಬೇರೆ ಕೀ ಬಳಸಿರುತ್ತಾರೆ, ಅಥವಾ ಡೈಜೆಸ್ಟ್‌ಗಳು ಇರುವ ಸೈನ್ಡ್‌ಇನ್ಫೋ ಭಾಗವನ್ನೇ ಯಾರೋ ಕದಲಿಸಿರುತ್ತಾರೆ. ಇಷ್ಟು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ.

ಯಾವ ಸರ್ಟಿಫಿಕೇಟ್ ಎಂದು ಮೆಸೇಜ್‌ನಲ್ಲಿ ಹೇಳುವ ದಾರಿಗಳಲ್ಲಿ ನನಗೆ ಹಿಡಿಸಿದ್ದು ಬೈನರಿ ಸೆಕ್ಯುರಿಟಿ ಟೋಕನ್. ಸರ್ಟಿಫಿಕೇಟನ್ನೇ ಮೆಸೇಜ್ ಜೊತೆ ಕಳಿಸುತ್ತದೆ, ಗೊಂದಲ ಇಲ್ಲ. ಇಶ್ಯೂಯರ್ (ಸರ್ಟಿಫಿಕೇಟ್ ಕೊಟ್ಟವರು) ಹೆಸರು ಮತ್ತು ಸೀರಿಯಲ್ ನಂಬರ್ ಕೊಡುವ ದಾರಿಯಲ್ಲಿ ತೊಂದರೆ ಇದೆ, ಯಾಕೆಂದರೆ ರಾಜ್ಯದ ಹೆಸರಿನ ಮುಂದೆ ಜಾವಾ ‘ಎಸ್‌ಟಿ’ ಎಂದು ಬರೆದರೆ ಡಾಟ್‌ನೆಟ್ ಬರೀ ‘ಎಸ್’ ಎಂದು ಬರೆಯುತ್ತದೆ. ಕರ್ನಾಟಕ ಎಂದು ತುಂಬಿದ ಸರ್ಟಿಫಿಕೇಟ್ ಒಂದೇ, ಆದರೆ ಎರಡು ಹೆಸರಾಗಿ ಕಾಣುತ್ತದೆ. ಸುಮ್ನೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡ್ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ವಿಂಡೋಸ್ ಕಡೆಯವರು ‘ಕೀಸೆಟ್ ಡಸ್ ನಾಟ್ ಎಕ್ಸಿಸ್ಟ್’ ಎಂದು ಬರುತ್ತಿದೆ ಎಂದರೆ ಗಾಬರಿ ಬೇಡ. ಸರ್ಟಿಫಿಕೇಟ್ ಅಲ್ಲೇ ಇರುತ್ತದೆ. ಆ್ಯಪ್ ಓಡುವ ಅಕೌಂಟ್‌ಗೆ ಅದರ ಪ್ರೈವೇಟ್ ಕೀ ಓದುವ ಅನುಮತಿ ಕೊಟ್ಟಿರುವುದಿಲ್ಲ, ಅಷ್ಟೇ.

ಅಲ್ಗಾರಿದಂ ವಿಷಯ ಬೇಗ ಮುಗಿಸುತ್ತೇನೆ. ಡಬ್ಲ್ಯೂಸಿಎಫ್ ತಾನಾಗಿ ಹಿಡಿಯುವ ಬೇಸಿಕ್256 ಎಂಬ ಸೂಟ್‌ನಲ್ಲಿ ಸಹಿಗೆ ಶಾ-1 ಇರುತ್ತದೆ. 2017ರಲ್ಲೇ ಶಾ-1ಕ್ಕೆ ನಿಜವಾದ ಡಿಕ್ಕಿ (ಬೇರೆ ಬೇರೆ ಎರಡು ಫೈಲ್‌ಗೆ ಒಂದೇ ಗುರುತು) ಮಾಡಿ ತೋರಿಸಿದ್ದಾರೆ, ಆದ್ದರಿಂದ ಬೇಸಿಕ್256ಶಾ256 ಎಂದು ಎರಡೂ ಕಡೆ ಬಾಯಿಬಿಟ್ಟು ಬರೆಯಿರಿ. 8ಯು161ಕ್ಕಿಂತ ಹಳೆಯ ಜಾವಾ 8 ಇದ್ದರೆ 256 ಬಿಟ್‌ನ ಎಇಎಸ್ ಎನ್‌ಕ್ರಿಪ್ಶನ್ ತಾನಾಗಿ ಓಡುವುದಿಲ್ಲ. ಮೊದಲು ಜಾವಾ ಅಪ್‌ಡೇಟ್ ಮಾಡಿ. ಎನ್‌ಕ್ರಿಪ್ಶನ್ ಬೇಕೇ ಬೇಕಿದ್ದರೆ ಅದರ ಸಿಬಿಸಿ ಎಂಬ ಬಗೆಯನ್ನು ನಂಬಿ ಕೂರಬೇಡಿ, ಅದನ್ನು ಮುರಿಯುವ ದಾರಿ 2011ರಲ್ಲೇ ಪ್ರಕಟವಾಗಿದೆ. ಎಚ್‌ಟಿಟಿಪಿಎಸ್ ಕೆಳಗೆ ಇದ್ದೇ ಇರಲಿ.

ಡಬ್ಲ್ಯೂಸಿಎಫ್‌ನ ಎರಡು ಅಭ್ಯಾಸ

ಡಬ್ಲ್ಯೂಎಸ್‌ಎಚ್‌ಟಿಟಿಪಿಬೈಂಡಿಂಗ್‌ನಲ್ಲಿ ಮೆಸೇಜ್ ಭದ್ರತೆ ಹಾಕಿದರೆ ಅದು ಮೊದಲು ಸರ್ವರ್ ಜೊತೆ ಮಾತುಕತೆ ನಡೆಸಿ, ಒಂದು ಸೆಶನ್ ಕಟ್ಟಿಕೊಂಡು, ಆಮೇಲೆ ಅಸಲಿ ಕಾಲ್ ಕಳಿಸುತ್ತದೆ. ಈ ಮಾತುಕತೆ ಜಾವಾ ಕಡೆಗೆ ಅರ್ಥವಾಗದೇ ಹೋಗುವುದೇ ಹೆಚ್ಚು. ಎಸ್ಟಾಬ್ಲಿಶ್‌ಸೆಕ್ಯುರಿಟಿಕಾಂಟೆಕ್ಸ್ಟ್, ನೆಗೋಶಿಯೇಟ್‌ಸರ್ವಿಸ್‌ಕ್ರೆಡೆನ್ಶಿಯಲ್ ಎರಡನ್ನೂ ಫಾಲ್ಸ್ ಮಾಡಲು ಹೇಳಿ.

ಇನ್ನೊಂದು ತುಂಬಾ ಜನರನ್ನು ಸತಾಯಿಸಿದ್ದು. ರಿಕ್ವೆಸ್ಟ್ ಹೋಗಿರುತ್ತದೆ, ಜಾವಾ ಸರ್ವರ್ ಒಪ್ಪಿ ಕೆಲಸ ಮಾಡಿ ಉತ್ತರವನ್ನೂ ಕಳಿಸಿರುತ್ತದೆ. ಆದರೆ ಉತ್ತರದಲ್ಲಿ ಸೆಕ್ಯುರಿಟಿ ಹೆಡರ್ ಇಲ್ಲ ಎಂದು ಡಬ್ಲ್ಯೂಸಿಎಫ್ ಕ್ಲೈಂಟ್ ಎರರ್ ಎಸೆಯುತ್ತದೆ. ಹಣದ ವಹಿವಾಟಾದರೆ ಇದು ಅಪಾಯ: ನಮ್ಮ ಕಡೆ ದಾಖಲಾಗಿದೆ, ಅವರು ಫೇಲ್ ಎಂದುಕೊಂಡು ಮತ್ತೆ ಕಳಿಸುತ್ತಾರೆ. ಸರ್ವರ್ ಕಡೆಯಿಂದ ಉತ್ತರಕ್ಕೂ ಟೈಮ್‌ಸ್ಟ್ಯಾಂಪ್ ಹಾಕಿ ಕಳಿಸಿದರೆ ಒಳ್ಳೆಯದು. ಅದು ಆಗದಿದ್ದರೆ ಕ್ಲೈಂಟ್‌ನಲ್ಲಿ ಕಸ್ಟಮ್ ಬೈಂಡಿಂಗ್ ಮಾಡಿ ಎನೇಬಲ್‌ಅನ್‌ಸೆಕ್ಯೂರ್ಡ್‌ರೆಸ್ಪಾನ್ಸ್ ಎಂಬುದನ್ನು ಟ್ರೂ ಮಾಡಬೇಕು. ಎಚ್‌ಟಿಟಿಪಿಎಸ್ ಇದ್ದಾಗ ಮಾತ್ರ ಹೀಗೆ ಮಾಡಿ.

ಎಲ್ಲ ಓಡಿತು ಎಂದಾದ ಮೇಲೆ ಓಡಬಾರದ್ದು ಓಡುತ್ತಿಲ್ಲ ಎಂದೂ ನೋಡಬೇಕು. ಉಳಿಸಿಟ್ಟ ಒಳ್ಳೆಯ ಮೆಸೇಜ್‌ನಿಂದ ನಾಲ್ಕು ಕೆಟ್ಟ ಫೈಲ್ ಮಾಡಿ. ಒಂದರಲ್ಲಿ ತಪ್ಪು ಪಾಸ್‌ವರ್ಡ್. ಒಂದರಲ್ಲಿ ಅವಧಿ ಮುಗಿದ ಟೈಮ್‌ಸ್ಟ್ಯಾಂಪ್. ಒಂದರಲ್ಲಿ ಸಹಿ ಆದ ಮೇಲೆ ಬಾಡಿಯಲ್ಲಿ ಒಂದು ಅಂಕಿ ಬದಲು. ಕೊನೆಯದರಲ್ಲಿ ಸಹಿ ಇರುವ ಅಸಲಿ ಬಾಡಿಯನ್ನು ಹೆಡರ್ ಒಳಗೆ ಎಲ್ಲೋ ಸರಿಸಿ, ಅದರ ಜಾಗದಲ್ಲಿ ಸಹಿ ಇಲ್ಲದ ಬೇರೆ ಬಾಡಿ ಇಡಿ. ಈ ಕೊನೆಯದು ಹಳೆಯ ದಾಳಿ. ಸಹಿ ಸರಿಯಾಗಿದೆ ಎಂದಷ್ಟೇ ನೋಡಿ, ಸಹಿ ಇರುವುದು ಯಾವ ಭಾಗಕ್ಕೆ ಎಂದು ನೋಡದ ಸರ್ವರ್ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಾಲ್ಕೂ ತಿರಸ್ಕಾರ ಆಗಬೇಕು. ಲೈಬ್ರರಿ ಅಪ್‌ಡೇಟ್ ಆದಾಗಲೆಲ್ಲ ಈ ನಾಲ್ಕು ಫೈಲ್ ಮತ್ತು ಆ ಕನ್ನಡ ಹೆಸರುಗಳ ಫೈಲನ್ನು ಮತ್ತೆ ಓಡಿಸಿ.

ಕೊನೆಗೆ ಸರ್ಟಿಫಿಕೇಟ್ ಮುಗಿಯುವ ದಿನಾಂಕವನ್ನು ಎರಡೂ ಕಡೆಯವರ ಕ್ಯಾಲೆಂಡರ್‌ನಲ್ಲಿ ಹಾಕಿ. ಹೊಸದನ್ನು ಒಂದು ತಿಂಗಳು ಮೊದಲೇ ಕಳಿಸಿಕೊಡಿ, ಹಳೆಯದು ಮುಗಿಯುವ ತನಕ ಟ್ರಸ್ಟ್‌ಸ್ಟೋರ್‌ನಲ್ಲಿ (ನಂಬುವ ಸರ್ಟಿಫಿಕೇಟ್‌ಗಳನ್ನು ಇಡುವ ಜಾಗ) ಎರಡೂ ಒಟ್ಟಿಗೆ ಇರಲಿ. ಬದಲಾಯಿಸುವ ಕೆಲಸವನ್ನು ವಾರದ ದಿನ ಬೆಳಿಗ್ಗೆ ಇಟ್ಟುಕೊಳ್ಳಿ, ಆ ಕಡೆ ಲಾಗ್ ನೋಡುವವರು ಸೀಟಿನಲ್ಲಿ ಇರುವ ಹೊತ್ತಿಗೆ.