ಹೊಸಬರಿಗೆ ಮಾರ್ಗದರ್ಶಿ: ರಾಚೆಸ್ಟರ್‌ನ ಮೆಮೋರಿಯಲ್ ಆರ್ಟ್ ಗ್ಯಾಲರಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಈ ರಾಚೆಸ್ಟರ್‌ಗೆ ಬಂದು ಪೆಟ್ಟಿಗೆ ಬಿಚ್ಚೋ ಹೊತ್ತಿಗೆ ಚಳಿ ಶುರುವಾಗಿರುತ್ತದೆ. ಹಿಮ ಬೀಳುವ ಭಾನುವಾರ ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಾವು ಮೊದಲು ಹೇಳುವುದು ಮೆಮೋರಿಯಲ್ ಆರ್ಟ್ ಗ್ಯಾಲರಿಯ ಹೆಸರು. ಊರಿನವರ ಬಾಯಲ್ಲಿ ಅದು 'ಮ್ಯಾಗ್'.

ಯೂನಿವರ್ಸಿಟಿ ಆಫ್ ರಾಚೆಸ್ಟರ್‌ಗೆ ಸೇರಿದ್ದು ಅಂತ ನದಿ ದಂಡೆಯ ಮುಖ್ಯ ಆವರಣ ರಿವರ್ ಕ್ಯಾಂಪಸ್ಸಿನಲ್ಲಿ ಹುಡುಕಬೇಡಿ. ಅದು ಇರೋದು ಊರೊಳಗೆ, 500 ಯೂನಿವರ್ಸಿಟಿ ಅವೆನ್ಯೂನಲ್ಲಿ. ಹಿಂದೆ ಕಾಲೇಜೂ ಅಲ್ಲೇ ಇತ್ತು. 1930ರಲ್ಲಿ ಹುಡುಗರ ಕಾಲೇಜು, 1955ರಲ್ಲಿ ಹುಡುಗಿಯರದ್ದು ನದಿ ಕಡೆಗೆ ಹೋದವು. ಗ್ಯಾಲರಿ ಜಾಗ ಬಿಡಲಿಲ್ಲ.

ಹೆಸರಿನಲ್ಲಿರುವ 'ಮೆಮೋರಿಯಲ್' ಒಬ್ಬ ತಾಯಿಯ ಕಥೆ. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಹೈರಮ್ ಸಿಬ್ಲಿಯವರ ಮಗಳು ಎಮಿಲಿ ಸಿಬ್ಲಿ ವಾಟ್ಸನ್. ಅವರ ಮಗ ಜೇಮ್ಸ್ ಆವೆರೆಲ್ ಆರ್ಕಿಟೆಕ್ಟ್ ಆಗಿದ್ದ, 1904ರಲ್ಲಿ ಟೈಫಾಯ್ಡ್ ಜ್ವರದಿಂದ ತೀರಿಕೊಂಡ, ಆಗ ಅವನಿಗೆ ಬರೀ 26 ವರ್ಷ. ತಾಯಿ ಮಗನ ನೆನಪಿಗೆ ಈ ಗ್ಯಾಲರಿ ಕಟ್ಟಿಸಿ, 1913ರಲ್ಲಿ ಯೂನಿವರ್ಸಿಟಿಯ ಕೈಗೆ ಕೊಟ್ಟರು. ಕೊಟ್ಟಿದ್ದು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಇಡೀ ಊರಿನ ಜನಕ್ಕೆ. ಹಾಗಾಗಿ 'ನಮಗೆ ಚಿತ್ರಕಲೆ ಗೊತ್ತಿಲ್ಲ' ಅಂತ ಸಂಕೋಚ ಬೇಡ.

ಒಳಗೆ ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ, ಮಕ್ಕಳು ಸುಸ್ತಾಗುತ್ತಾರೆ. ಮೊದಲು ಈಜಿಪ್ಟಿನ ಶವಪೆಟ್ಟಿಗೆಗಳು, ಒಂದರೊಳಗೆ ಒಂದು ಕೂರುವಂಥವು. ಆಮೇಲೆ ಫ್ರಾನ್ಸಿನ ಚಿತ್ರಕಾರ ಮೋನೆ ಬಿಡಿಸಿದ ಲಂಡನ್ನಿನ ವಾಟರ್‌ಲೂ ಸೇತುವೆ. ಅದನ್ನು ಹತ್ತಿರದಿಂದ ನೋಡಿದರೆ ಬರೀ ಮಸುಕು ಬಣ್ಣ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಂಜಿನೊಳಗಿಂದ ಸೇತುವೆ ಎದ್ದು ಬರುತ್ತದೆ. ನನ್ನ ಮಗಳು ಹಿಂದೆ ಮುಂದೆ ಓಡಾಡಿ ಓಡಾಡಿ ಇದನ್ನೇ ಹತ್ತು ಸಲ ನೋಡಿದಳು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಗ್ಯಾಲರಿಯೊಳಗಿನ ಫೌಂಟನ್ ಕೋರ್ಟಿಗೆ ತಪ್ಪದೆ ಕರ್ಕೊಂಡು ಹೋಗಿ. ಅಲ್ಲೊಂದು ಇಟಲಿಯ ಹಳೇ ಪೈಪ್ ಆರ್ಗನ್ ಇದೆ, ಹದಿನೆಂಟನೇ ಶತಮಾನದ್ದು. ಇದೇ ಯೂನಿವರ್ಸಿಟಿಯ ಈಸ್ಟ್‌ಮನ್ ಸಂಗೀತ ಶಾಲೆಯವರು 2005ರಲ್ಲಿ ಅಲ್ಲಿಗೆ ತಂದು ಕೂರಿಸಿದರು, ನುಡಿಸುವವರೂ ಅವರೇ. ಭಾನುವಾರದ ಕಛೇರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮಮ್ಮ ಕೇಳಿದವರೇ 'ಇದಕ್ಕೂ ನಮ್ಮ ಹಾರ್ಮೋನಿಯಂ ಥರ ಗಾಳೀನೇ ಉಸಿರು ಅಲ್ವಾ' ಅಂದರು. ಹೌದಲ್ಲ!

ಇನ್ನು ವ್ಯವಹಾರದ ಮಾತು. ಯೂನಿವರ್ಸಿಟಿಯಲ್ಲಿ ಓದುವವರು, ಕೆಲಸ ಮಾಡುವವರು ಟಿಕೆಟ್ ತಗೊಳ್ಳೋ ಮುಂಚೆ ಐಡಿ ಕಾರ್ಡ್ ತೋರಿಸಿ ಕೇಳಿ. ಗುರುವಾರ ಸಂಜೆಯ ರಿಯಾಯಿತಿ ಇದೆಯಾ ಅಂತಲೂ ವಿಚಾರಿಸಿ. ಬೆನ್ನಿನ ಬ್ಯಾಗು, ದಪ್ಪ ಜಾಕೆಟ್ಟು ಇಡಲು ಜಾಗ ಕೇಳಿ, ಹೆಗಲು ಹಗುರಾದರೆ ನಿಧಾನವಾಗಿ ನೋಡಬಹುದು. ಮಕ್ಕಳಿಗೆ, ದೊಡ್ಡವರಿಗೆ ಅಲ್ಲೇ ಚಿತ್ರಕಲೆ, ಮಣ್ಣಿನ ಕೆಲಸದ ತರಗತಿಗಳಿವೆ. ಹೊಸ ಊರಲ್ಲಿ ಅಕ್ಕಪಕ್ಕದವರ ಪರಿಚಯ ಆಗೋದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಬೇಸಿಗೆಯಲ್ಲಿ ಬಂದವರು ಹೊರಗಿನ ಶಿಲ್ಪಗಳ ತೋಟದಲ್ಲಿ ಸುಮ್ನೆ ಓಡಾಡಬಹುದು, ಅದಕ್ಕೆ ಟಿಕೆಟ್ ಬೇಡ. ಸೆಪ್ಟೆಂಬರಿನಲ್ಲಿ ಕ್ಲೋತ್ಸ್‌ಲೈನ್ ಅನ್ನೋ ಕಲಾ ಹಬ್ಬ, 1957ರಿಂದ ನಡೆದುಬಂದಿದ್ದು. ಆಗ ಕಲಾವಿದರು ಬಟ್ಟೆ ಒಣಹಾಕುವ ಹಗ್ಗಕ್ಕೇ ಚಿತ್ರಗಳನ್ನು ನೇತುಹಾಕುತ್ತಿದ್ದರಂತೆ. ಪಾರ್ಕಿಂಗ್ ಕಷ್ಟ, ಬೆಳಗ್ಗೆಯೇ ಹೊರಡಿ.